ಕಾಲೆತ್ತುವ ನಾಯಿಗೆ ಕೋಲೆತ್ತುವ ಮುನ್ನ

ನಾಯಿ ಸಾಕಿದವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಎರಡು. 'ನಮ್ಮ ಗಂಡು ನಾಯಿಗೆ ವರ್ಷ ತುಂಬಿತು, ಇನ್ನೂ ಹೆಣ್ಣಿನ ಹಾಗೆ ಕುಕ್ಕರಿಸಿಯೇ ಉಚ್ಚೆ ಹೊಯ್ಯುತ್ತೆ, ಏನಾದರೂ ಊನವಾ?' ಎನ್ನುವುದು ಒಂದು. 'ನಿನ್ನೆ ಮೊನ್ನೆವರೆಗೆ ಸರಿಯಾಗಿದ್ದ ನಾಯಿ ಈಗ ಸೋಫಾಕ್ಕೆ ಕಾಲೆತ್ತುತ್ತೆ, ಹೊಡೆದರೂ ಬಿಡಲ್ಲ' ಎನ್ನುವುದು ಇನ್ನೊಂದು. ಮೊದಲಿನವರು ಸುಮ್ಮನೆ ಚಿಂತೆ ಮಾಡುತ್ತಾರೆ. ಎರಡನೆಯವರು ಮಾಡುವುದೆಲ್ಲ ತಿರುಗುಮುರುಗು.

ಮರಿಯಾಗಿದ್ದಾಗ ಗಂಡಾಗಲಿ ಹೆಣ್ಣಾಗಲಿ ಕುಕ್ಕರಿಸಿಯೇ ಮೂತ್ರ ಮಾಡುತ್ತವೆ. ಗಂಡುಗಳು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಕಾಲೆತ್ತಲು ಕಲಿಯುತ್ತವೆ. ಕೆಲವು ತಡ ಮಾಡುತ್ತವೆ, ಕೆಲವು ಕೊನೆಯವರೆಗೂ ಎತ್ತುವುದೇ ಇಲ್ಲ. ಅದು ಊನವಲ್ಲ. ಈ ಅಭ್ಯಾಸದ ಬೀಜ ಮರಿ ಹುಟ್ಟುವ ಆಸುಪಾಸಿನಲ್ಲೇ, ಗಂಡು ಹಾರ್ಮೋನಿನ ಪ್ರಭಾವದಿಂದ ಮೆದುಳಿನಲ್ಲಿ ಬಿದ್ದಿರುತ್ತದೆ. ಹಾಗಾಗಿ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಕಾಲೆತ್ತುವುದು ನಿಂತುಹೋಗುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಬೀದಿಯಲ್ಲೇ ನೋಡಿ: ಚಿಕಿತ್ಸೆಯಾದ ಗುರುತಿಗೆ ಕಿವಿಯಂಚು ಕತ್ತರಿಸಿರುವ ಗಂಡು ನಾಯಿಗಳು ಸ್ಕೂಟರ್ ಚಕ್ರಕ್ಕೆ ನಿರಾತಂಕವಾಗಿ ಕಾಲೆತ್ತುತ್ತವೆ. ಹೆಣ್ಣುಗಳಲ್ಲೂ ಹಲವು, ಅದರಲ್ಲೂ ಮನೆಯಿಂದ ದೂರ ವಾಕಿಂಗ್ ಹೋದಾಗ ಅಥವಾ ಬೆದೆಗೆ ಬಂದಾಗ, ಕುಕ್ಕರಿಸುತ್ತಲೇ ಒಂದು ಕಾಲು ತುಸು ಮೇಲೆತ್ತುತ್ತವೆ.

ಎತ್ತುವುದೇಕೆ? ತನ್ನ ವಾಸನೆ ಇನ್ನೊಂದು ನಾಯಿಯ ಮೂಗಿನ ಎತ್ತರಕ್ಕೆ ಸಿಗಲಿ ಎಂದು. ನೆಲದ ಮೇಲಿನ ವಾಸನೆಗಿಂತ ಕಂಬದ ಮೇಲಿನದಕ್ಕೆ ಓದುಗರು ಜಾಸ್ತಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬೆಟ್ಟಿ ಮೆಗ್ವಾಯರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಿಡ್ಡ ನಾಯಿಗಳು ದೊಡ್ಡವಕ್ಕಿಂತ ಹೆಚ್ಚು ಓರೆಯಾಗಿ ಕಾಲೆತ್ತಿ, ತಮ್ಮ ಅಳತೆಗೆ ಮೀರಿದ ಎತ್ತರಕ್ಕೆ ಹೊಯ್ಯುವುದು ಕಂಡುಬಂತು. ಮನೆಯ ಯಜಮಾನಿಕೆ ಕಿತ್ತುಕೊಳ್ಳಲು ನಾಯಿ ಹೂಡುವ ಸಂಚು ಇದು ಎಂದು ಹೇಳುವ ತರಬೇತುದಾರರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಮೊದಲು ನೋಡಿ, ಬರೆದಿಡಿ

ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ವಾರ ನಾಲ್ಕು ಸಂಗತಿ ಗುರುತಿಸಿ: ಎಲ್ಲಿ, ಯಾವಾಗ, ಎಷ್ಟು, ಯಾವ ಭಂಗಿಯಲ್ಲಿ. ಬಾಗಿಲ ಮೂಲೆ, ಮೇಜಿನ ಕಾಲು, ಗ್ಯಾಸ್ ಸಿಲಿಂಡರ್, ತುಳಸಿಕಟ್ಟೆಯಂಥ ನಿಂತ ವಸ್ತುವಿಗೆ ಎರಡು ಮೂರು ಚಮಚೆಯಷ್ಟೇ ಚಿಮ್ಮಿಸಿದ್ದರೆ ಅದು ಗುರುತು ಹಾಕುವುದು. ನೆಲದ ಮೇಲೆ ಕೆರೆಯಾಗಿದ್ದರೆ ಮೂತ್ರಕೋಶ ತುಂಬಿತ್ತು, ನೀವು ಹೊರಗೆ ಕರೆದೊಯ್ಯಲಿಲ್ಲ ಎಂದರ್ಥ. ಅಲ್ಲಿ ತಪ್ಪು ನಾಯಿಯದಲ್ಲ. ಮಲಗಿದ್ದ ಜಾಗವೇ ಒದ್ದೆಯಾಗಿದ್ದರೆ ಅದು ಸೋರಿಕೆ, ವೈದ್ಯರ ಕೆಲಸ. ಹೊಸ ಸೋಫಾ ಬಂತೇ, ಊರಿಂದ ನೆಂಟರ ಬ್ಯಾಗು ಬಂತೇ, ಎದುರು ಮನೆಯವರು ನಾಯಿ ತಂದರೇ? ಅದನ್ನೂ ಪಕ್ಕದಲ್ಲಿ ಬರೆಯಿರಿ. ಗುರುತು ಹಾಕುವ ಚಾಳಿ ಬಹಳ ಸಲ ಇಂಥ ದಿನವೇ ಶುರುವಾಗಿರುತ್ತದೆ.

ಆಮೇಲೆ ತೊಳೆಯಿರಿ, ಆದರೆ ಫಿನಾಯಿಲ್ ಬೇಡ

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಾಯಿ ಉಚ್ಚೆ ಹೊಯ್ದ ಕೂಡಲೇ ನಮ್ಮವರ ಕೈ ಫಿನಾಯಿಲ್ ಬಾಟಲಿಗೆ ಹೋಗುತ್ತದೆ. ಮನೆಯೆಲ್ಲ ಘಮಘಮ, ಮನಸ್ಸಿಗೆ ನೆಮ್ಮದಿ. ಆದರೆ ಆ ನೆಮ್ಮದಿ ನಮ್ಮ ಮೂಗಿಗೆ ಮಾತ್ರ. ನಾಯಿಗೆ ಫಿನಾಯಿಲ್ ವಾಸನೆಯೂ ಗೊತ್ತಾಗುತ್ತದೆ, ಅದರಡಿಯ ಹಳೆಯ ವಾಸನೆಯೂ ಗೊತ್ತಾಗುತ್ತದೆ. ಮರುದಿನ ಮತ್ತೆ ಅಲ್ಲೇ ಕಾಲೆತ್ತುತ್ತದೆ, ನೀವು ಮತ್ತೆ ಫಿನಾಯಿಲ್ ಸುರಿಯುತ್ತೀರಿ. ಮೇಲಾಗಿ ಅದನ್ನು ತುಳಿದು ಪಾದ ನೆಕ್ಕಿದರೆ ನಾಯಿಗೆ ವಿಷ, ಬೆಕ್ಕಿದ್ದರಂತೂ ಇನ್ನೂ ಅಪಾಯ. ಬ್ಲೀಚಿಂಗ್ ಪೌಡರ್ ಹಾಕಿದರೆ ಮೂತ್ರದ ಅಮೋನಿಯಾ ಜೊತೆ ಸೇರಿ ಕಣ್ಣು, ಗಂಟಲು ಉರಿಸುವ ಅನಿಲ ಏಳುತ್ತದೆ. ಕೆಲವರು ಬ್ಲೀಚಿಂಗ್ ಮೇಲೆ ಟಾಯ್ಲೆಟ್ ಆಸಿಡ್ ಕೂಡ ಸುರಿಯುತ್ತಾರೆ. ಅದರಿಂದ ಬರುವುದು ಕ್ಲೋರಿನ್ ಅನಿಲ, ಮುಚ್ಚಿದ ಬಾತ್‌ರೂಮಿನಲ್ಲಿ ಜೀವಕ್ಕೇ ಸಂಚಕಾರ.

ಸರಿಯಾದ ಕ್ರಮ ಹೀಗೆ. ಹಳೆಯ ಹತ್ತಿಬಟ್ಟೆ ಅಥವಾ ಪತ್ರಿಕೆ ಒತ್ತಿ ಹೀರಿಸಿ (ಈ ಪುಟವನ್ನೇ ಬಳಸಿದರೂ ಬೇಸರವಿಲ್ಲ), ತಿಕ್ಕಬೇಡಿ. ಬರೀ ನೀರಿನಿಂದ ಎರಡು ಸಲ ಒರೆಸಿ ತೆಗೆಯಿರಿ. ಹಿಂದೆ ಫಿನಾಯಿಲ್ ಹಾಕಿದ್ದರೆ ಅದೂ ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಮುಂದಿನದು ಕೆಲಸ ಮಾಡದು. ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎಂಜೈಮ್ ದ್ರಾವಣವನ್ನು ಧಾರಾಳವಾಗಿ ಸುರಿಯಿರಿ. ಉಚ್ಚೆ ಎಷ್ಟು ಆಳಕ್ಕೆ ಇಳಿದಿದೆಯೋ ದ್ರಾವಣವೂ ಅಲ್ಲಿಗೆ ಇಳಿಯಬೇಕು. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಡಿ. ಚಿಮುಕಿಸಿ ತಕ್ಷಣ ಒರೆಸಿದರೆ ದುಡ್ಡು ದಂಡ. ಕಾಲೆತ್ತುವ ನಾಯಿಯಾದರೆ ನೆಲವಷ್ಟೇ ಸಾಲದು. ಗೋಡೆಯ ಮೇಲೆ ಕಲೆ ಇರುವುದಕ್ಕಿಂತ ಒಂದು ಗೇಣು ಮೇಲಿಂದ ಶುರು ಮಾಡಿ, ಟೈಲ್ಸ್ ಸಂದಿಯವರೆಗೆ ಬನ್ನಿ. ವಿನೆಗರ್, ನಿಂಬೆರಸ ಸಾಕೆನ್ನುವವರಿದ್ದಾರೆ. ಮಾರ್ಬಲ್ ಮೇಲೆ, ಶಹಾಬಾದ್ ಕಲ್ಲಿನ ಮೇಲೆ ಅದನ್ನು ಪ್ರಯೋಗಿಸಬೇಡಿ. ಎರಡೂ ಸುಣ್ಣದ ಜಾತಿಯವು, ಹುಳಿ ತಾಗಿದರೆ ಹೊಳಪು ಹೋಗುತ್ತದೆ. ಕೈಗೆ ಗ್ಲೌಸ್ ಇರಲಿ, ಮಳೆಗಾಲದಲ್ಲಂತೂ ಕಡ್ಡಾಯ. ಇಲಿಜ್ವರದ ಬ್ಯಾಕ್ಟೀರಿಯಾ ನಾಯಿಯ ಮೂತ್ರದಲ್ಲೂ ಬರಬಹುದು.

ಗೇಟಿನ ಮುಂದೆ ನೀಲಿ ನೀರಿನ ಬಾಟಲಿ ಇಡುವವರಿಗೆ ಒಂದು ಮಾತು: ಅದು ನಾಯಿಯನ್ನು ಓಡಿಸುವುದಿಲ್ಲ. ನಿಂತ ವಸ್ತು ಹುಡುಕುವ ಪ್ರಾಣಿಗೆ ಇನ್ನೊಂದು ನಿಂತ ವಸ್ತು ಒದಗಿಸಿದ ಹಾಗಷ್ಟೇ.

ಹೊಡೆಯಬೇಡಿ, ದಾರಿ ಬದಲಿಸಿ

ಮೂತಿಯನ್ನು ಉಚ್ಚೆಗೆ ಉಜ್ಜಿದರೆ ನಾಯಿ ಕಲಿಯುವುದು ಒಂದೇ: ನಿಮ್ಮ ಕಣ್ಣಿಗೆ ಬೀಳದಂತೆ ಮಂಚದ ಹಿಂದೆ ಹೊಯ್ಯುವುದು. ಕಾಲೆತ್ತುವ ಕ್ಷಣದಲ್ಲೇ ಸಿಕ್ಕಿಬಿದ್ದರೆ ಚಪ್ಪಾಳೆ ತಟ್ಟಿ ನಿಲ್ಲಿಸಿ, ಹೊರಗೆ ಕರೆದೊಯ್ಯಿರಿ, ಅಲ್ಲಿ ಹೊಯ್ದರೆ ತಕ್ಷಣ ತಿಂಡಿ ಕೊಡಿ. ಆಮೇಲೆ ಕಂಡರೆ ಬೈದು ಪ್ರಯೋಜನವಿಲ್ಲ, ಒರೆಸಿ. ಮೆಚ್ಚಿನ ಮೂಲೆಯಲ್ಲಿ ಅದರ ಊಟದ ತಟ್ಟೆ ಅಥವಾ ಹಾಸಿಗೆ ಇಡಿ. ಕಿಟಕಿಯಲ್ಲಿ ಬೀದಿನಾಯಿ ಕಂಡು ಕೆರಳುತ್ತಿದ್ದರೆ ಪರದೆ ಎಳೆಯಿರಿ. ನೆಂಟರ ಬ್ಯಾಗು ಅಟ್ಟಕ್ಕೇರಲಿ.

ಸಂತಾನಹರಣದ ಬಗ್ಗೆ ಎರಡೇ ಮಾತು. ಭಂಗಿ ಬದಲಾಗದಿದ್ದರೂ ಮನೆಯೊಳಗೆ ಗುರುತು ಹಾಕುವುದು ಕಡಿಮೆಯಾಗಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ ಅರವತ್ತಕ್ಕೂ ಹೆಚ್ಚು ನಾಯಿಗಳಲ್ಲಿ ಈ ಚಾಳಿ ಅರ್ಧಕ್ಕರ್ಧ ಅಥವಾ ಅದಕ್ಕಿಂತ ಹೆಚ್ಚು ತಗ್ಗಿತ್ತು. ಪೂರ್ತಿ ನಿಂತೇ ಹೋಗುತ್ತದೆ ಎಂದು ಭರವಸೆ ಕೊಡುವವರನ್ನು ನಂಬಬೇಡಿ. ಯಾವ ವಯಸ್ಸಿಗೆ ಮಾಡಿಸಬೇಕೆಂಬುದು ತಳಿಯ ಮೇಲೆ ನಿಂತಿದೆ, ನಿಮ್ಮ ವೈದ್ಯರನ್ನೇ ಕೇಳಿ.

ಭಂಗಿ ದಿಢೀರ್ ಬದಲಾದರೆ

ಯಾವಾಗಲೂ ಕಾಲೆತ್ತುತ್ತಿದ್ದ ಗಂಡು ಈಗ ಕುಕ್ಕರಿಸುತ್ತಿದ್ದರೆ ಸೊಂಟ, ಮೊಣಕಾಲು ನೋವಿರಬಹುದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಸಾಮಾನ್ಯ. ಜಾರುವ ಟೈಲ್ಸ್ ಮೇಲೆ ಮ್ಯಾಟ್ ಹಾಸಿ, ವೈದ್ಯರಿಗೆ ತೋರಿಸಿ. ಮೂತ್ರದಲ್ಲಿ ರಕ್ತ ಕಂಡರೂ, ಹತ್ತು ಕೆಜಿಯ ನಾಯಿ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕುಡಿದರೂ ಅಷ್ಟೇ. ಸಂತಾನಹರಣವಾಗದ ಹೆಣ್ಣು ಬೆದೆ ಮುಗಿದ ಕೆಲವು ವಾರಗಳಲ್ಲಿ ಹೀಗೆ ನೀರು ಕುಡಿಯತೊಡಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು, ತಡ ಮಾಡಬೇಡಿ. ಗಂಡು ನಾಯಿ ಮತ್ತೆ ಮತ್ತೆ ಮುಕ್ಕಿದರೂ ಹನಿ ಬಾರದಿದ್ದರೆ ಬೆಳಗಾಗಲಿ ಎನ್ನಬೇಡಿ. ಗಂಡಿನ ಮೂತ್ರನಾಳ ಶಿಶ್ನದೊಳಗಿನ ಮೂಳೆಯ ಸಂದಿಯಲ್ಲಿ ಹಾದುಹೋಗುವುದರಿಂದ ಮೂತ್ರದ ಕಲ್ಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಮೂತ್ರದ ಸ್ಯಾಂಪಲ್ ತರಲು ಹೇಳಿದರೆ ಬೆಳಗಿನ ಮೊದಲನೆಯದನ್ನು ಹಿಡಿಯಿರಿ. ಕಾಲೆತ್ತುವ ನಾಯಿಗೆ ಉದ್ದ ಹಿಡಿಯ ಸೌಟು, ಕುಕ್ಕರಿಸುವ ನಾಯಿಗೆ ಹಿಂದಿನಿಂದ ಜಾರಿಸಲು ಬರುವ ತಗ್ಗು ತಟ್ಟೆ. ಮುಚ್ಚಿದ ಡಬ್ಬಿಗೆ ಹಾಕಿ ಕೂಡಲೇ ಕೊಂಡೊಯ್ಯಿರಿ, ತಡವಾಗುವುದಾದರೆ ಫ್ರಿಜ್ಜಿನಲ್ಲಿಟ್ಟು ಕೆಲವೇ ಗಂಟೆಗಳಲ್ಲಿ ತಲುಪಿಸಿ. ಸೌಟು ಮತ್ತೆ ಅಡುಗೆಮನೆಗೆ ಹೋಗದಿರಲಿ.