ಪುಂಡಿಗೆ ಒಂದು ಸಾಲು ಮೀಸಲಿಡೋಣ

ಅಕ್ಕಲಕೋಟೆ, ಜತ್ತ ಭಾಗದ ನಾವು ಪುಂಡಿ ಎಂದೊಡನೆ ಪಲ್ಯವನ್ನೇ ನೆನೆಯುತ್ತೇವೆ. ಮರಾಠಿ ನೆರೆಯವರು ಅಂಬಾಡಿ ಎನ್ನುವ ಈ ಗಿಡ ಒಳ್ಳೆಯ ನಾರಿನ ಬೆಳೆಯೂ ಹೌದೆಂಬುದನ್ನು ಮರೆಯುತ್ತಿದ್ದೇವೆ.

ಮುಂಗಾರಿನಲ್ಲಿ ಸಜ್ಜೆ, ತೊಗರಿಯ ಹೊಲದಲ್ಲಿ ಪುಂಡಿಯನ್ನು ಅಕ್ಕಡಿಯಾಗಿ ಬಿತ್ತುತ್ತೇವಷ್ಟೆ. ಪಲ್ಯಕ್ಕೆಂದು ಕುಡಿ ಚಿವುಟಿದ ಗಿಡ ಕವಲೊಡೆಯುತ್ತದೆ. ಉದ್ದನೆಯ ನಾರು ಬರುವುದಿಲ್ಲ. ಆದುದರಿಂದ ನಾರಿಗೆಂದೇ ಒಂದು ಸಾಲನ್ನು ಒತ್ತಾಗಿ ಬಿತ್ತಿ, ಅದರ ಕುಡಿ ಮುಟ್ಟದಿರಬೇಕು.

ಹೂ ಬಿಡುವಾಗ ಕೊಯ್ದು, ಸೂಡು ಕಟ್ಟಿ, ಮೇಲೆ ಕಲ್ಲು ಹೇರಿ ಎರಡು ಮೂರು ವಾರ ನೀರಿನಲ್ಲಿ ಕೊಳೆಹಾಕಬೇಕು. ನಾರು ಸಲೀಸಾಗಿ ಬಿಡುವಾಗಲೇ ತೆಗೆದು, ತೊಳೆದು ಒಣಗಿಸಬೇಕು, ತಡವಾದರೆ ಬಲಗೆಡುವುದು. ನೀರು ಕಡಿಮೆಯಿದ್ದಲ್ಲಿ ಹಸಿ ತೊಗಟೆಯನ್ನಷ್ಟೇ ಸುಲಿದು ನೆನೆಯಿಡಬಹುದು. ಕುಡಿಯುವ ನೀರಿನಲ್ಲಿ ಮಾತ್ರ ಕೊಳೆಹಾಕಬಾರದು.

ನಾರಿನಿಂದ ಹಗ್ಗ, ಕಣ್ಣಿ, ದಾವಣಿ ಆಗುವವು. ಒಣ ದಂಟು ಒಲೆಗೆ. ಬೀಜಕ್ಕೆ ಕೆಲವು ಗಿಡ ಬಿಟ್ಟರೆ ಮುಂದಿನ ಬಿತ್ತನೆಗೂ ಆಯಿತು. ಬೀಜದಲ್ಲಿ ಎಣ್ಣೆಯೂ ಉಂಟು, ಅದರ ಹಿಂಡಿ ದನಗಳಿಗೆ ಮೇವು.

ಕಾಸು ಕೊಟ್ಟು ತಂದ ಪ್ಲಾಸ್ಟಿಕ್ ಹಗ್ಗ ಎತ್ತಿನ ಕೊರಳನ್ನು ಉಜ್ಜುತ್ತದೆ. ಹರಿದ ಮೇಲೆ ಮಣ್ಣಿನಲ್ಲಿ ಕರಗದೆ ಉಳಿಯುತ್ತದೆ. ಪುಂಡಿಯ ಹಗ್ಗ ಹರಿದರೆ ತಿಪ್ಪೆ ಸೇರಿ ಗೊಬ್ಬರವಾಗುತ್ತದೆ. ಒಕ್ಕಲಿಗ ಬಂಧುಗಳೇ, ಬರುವ ಮುಂಗಾರಿಗೆ ಒಂದು ಸಾಲನ್ನು ಚಿವುಟದೆ ಬಿಟ್ಟು ನೋಡೋಣ.