ಸ್ಟ್ಯಾಟಿಕ್ ವೇರಿಯಬಲ್: ಯಾವ ಸಾಲು ಮೊದಲು?

ಜಾವಾದಲ್ಲಿ ಸ್ಟ್ಯಾಟಿಕ್ ಎಂದು ಬರೆದ ವೇರಿಯಬಲ್ ಇಡೀ ಕ್ಲಾಸಿಗೆ ಒಂದೇ. ಆಬ್ಜೆಕ್ಟ್‌ಗಳು ನೂರಿದ್ದರೂ ಎಲ್ಲಕ್ಕೂ ಅದೇ. ಹೀಗಾಗಿ ಅದರ ಆರಂಭದ ಮೌಲ್ಯವನ್ನು ಕನ್‌ಸ್ಟ್ರಕ್ಟರ್‌ನಲ್ಲಿ ಕೊಡಬೇಡಿ. ಕೊಟ್ಟರೆ ಹೊಸ ಆಬ್ಜೆಕ್ಟ್ ಹುಟ್ಟಿದಾಗಲೆಲ್ಲ ಅಲ್ಲಿಯವರೆಗಿನ ಲೆಕ್ಕ ಅಳಿಸಿಹೋಗುತ್ತದೆ.

ಮೌಲ್ಯ ಮೊದಲೇ ಗೊತ್ತಿದ್ದರೆ ವೇರಿಯಬಲ್ ಘೋಷಿಸುವ ಸಾಲಿನಲ್ಲೇ ಬರೆದುಬಿಡಿ. ಪಟ್ಟಿ ತುಂಬುವ, ಫೈಲ್ ಓದುವ ಕೆಲಸವಿದ್ದರೆ ಅದು ಒಂದು ಸಾಲಿಗೆ ಮುಗಿಯದು. ಅದಕ್ಕೆ ಸ್ಟ್ಯಾಟಿಕ್ ಬ್ಲಾಕ್ ಬಳಸಿ.

ಮುಂದಿನದು ಕ್ರಮ. ಹೆಚ್ಚು ಗಮನ ಬೇಡುವ ಹಂತ ಇದೇ. ಕ್ಲಾಸ್ ಮೊದಲ ಸಲ ಬಳಕೆಗೆ ಬರುವ ಹೊತ್ತಿಗೆ ಸ್ಟ್ಯಾಟಿಕ್ ವೇರಿಯಬಲ್‌ಗಳಲ್ಲಿ ಸೊನ್ನೆ, ನಲ್ ಅಥವಾ ಫಾಲ್ಸ್ ಕೂತಿರುತ್ತದೆ. ಆಮೇಲೆ ನೀವು ಬರೆದ ಮೌಲ್ಯಗಳೂ ಬ್ಲಾಕ್‌ಗಳೂ ಮೇಲಿನಿಂದ ಕೆಳಕ್ಕೆ, ಬರೆದ ಕ್ರಮದಲ್ಲೇ, ಒಂದೇ ಸಲ ರನ್ ಆಗುತ್ತವೆ.

ಟಿಕೆಟ್ ಎಂಬ ಕ್ಲಾಸ್ ಇದೆ ಎನ್ನಿ. ಮೊದಲ ಸಾಲಿನಲ್ಲಿ ಒಂದು ಸ್ಟ್ಯಾಟಿಕ್ ಟಿಕೆಟ್ ಆಬ್ಜೆಕ್ಟನ್ನೇ ಸೃಷ್ಟಿಸಿದ್ದೀರಿ. ಎರಡನೆಯ ಸಾಲಿನಲ್ಲಿ ‘ಕೊನೆಯ ಸಂಖ್ಯೆ’ಗೆ 100 ಕೊಟ್ಟಿದ್ದೀರಿ. ಕನ್‌ಸ್ಟ್ರಕ್ಟರ್ ಆ ಸಂಖ್ಯೆಗೆ ಒಂದು ಕೂಡಿಸಿ ಟಿಕೆಟ್‌ಗೆ ಹಾಕುತ್ತದೆ. ಮೊದಲ ಟಿಕೆಟ್‌ನ ಸಂಖ್ಯೆ 101 ಆಗಬೇಕಲ್ಲವೇ? ಆಗುವುದು 1. ಟಿಕೆಟ್ ಹುಟ್ಟುವಾಗ 100 ಇನ್ನೂ ಬಂದೇ ಇರಲಿಲ್ಲ, ಅಲ್ಲಿದ್ದದ್ದು ಸೊನ್ನೆ. ಎರಡನೆಯ ಸಾಲು ರನ್ ಆದ ಮೇಲೆ 100 ಬರುತ್ತದೆ, ಮುಂದಿನ ಟಿಕೆಟ್‌ಗೆ 101 ಸಿಗುತ್ತದೆ. ಕಂಪೈಲರ್ ತಕರಾರು ಎತ್ತುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಲೆಕ್ಕ ಮಾತ್ರ ತಪ್ಪುತ್ತದೆ. ಇಂಥ ತಪ್ಪು ಹುಡುಕುವುದೇ ಬಲು ಕಷ್ಟ. ಪರಿಹಾರ ಮಾತ್ರ ಸುಲಭ: ಸಂಖ್ಯೆಯ ಸಾಲನ್ನು ಮೇಲಕ್ಕೆ ತನ್ನಿ.

ಸ್ಟ್ಯಾಟಿಕ್ ಬ್ಲಾಕ್‌ನೊಳಗೆ ಎಕ್ಸೆಪ್ಶನ್ ಎದ್ದು ಅದನ್ನು ಅಲ್ಲೇ ಹಿಡಿಯದಿದ್ದರೆ ಮೊದಲ ಸಲ ‘ಎಕ್ಸೆಪ್ಶನ್‌ಇನ್‌ಇನಿಶಿಯಲೈಸರ್‌ಎರರ್’ ಕಾಣುತ್ತದೆ. ಅದೇ ಕ್ಲಾಸನ್ನು ಮತ್ತೆ ಮುಟ್ಟಿದರೆ ಬರುವುದು ‘ನೋಕ್ಲಾಸ್‌ಡೆಫ್‌ಫೌಂಡ್‌ಎರರ್’. ಎರಡನೆಯದನ್ನು ನೋಡಿ ಜಾರ್ ಫೈಲ್ ಕಾಣೆಯಾಗಿದೆಯೆಂದು ಹುಡುಕುತ್ತ ಕೂರಬೇಡಿ. ಲಾಗ್‌ನಲ್ಲಿ ಹಿಂದಕ್ಕೆ ಹೋಗಿ ಮೊದಲನೆಯದನ್ನು ಓದಿ, ನಿಜವಾದ ಕಾರಣ ಅಲ್ಲಿರುತ್ತದೆ.

ಹಲವು ಥ್ರೆಡ್‌ಗಳು ಒಟ್ಟಿಗೆ ಬಂದರೂ ಈ ಆರಂಭದ ಕೆಲಸ ಒಮ್ಮೆಯೇ ನಡೆಯುವಂತೆ ಜೆವಿಎಂ ತಾನೇ ಬೀಗ ಹಾಕಿಕೊಳ್ಳುತ್ತದೆ. ಆ ಬೀಗ ಆರಂಭಕ್ಕಷ್ಟೇ. ಟಿಕೆಟ್ ಸಂಖ್ಯೆಯಂತೆ ಆಮೇಲೂ ಬದಲಾಗುವ ಮೌಲ್ಯಕ್ಕೆ ಅಟಾಮಿಕ್‌ಇಂಟಿಜರ್ ಬಳಸಿ.

ಇನ್ನೊಂದು ಎಚ್ಚರಿಕೆ. ಸ್ಟ್ಯಾಟಿಕ್ ಫೈನಲ್ ಎಂದು ನೇರವಾಗಿ ಬರೆದ ಸಂಖ್ಯೆಯನ್ನೋ ಸ್ಟ್ರಿಂಗನ್ನೋ ಕಂಪೈಲರ್ ಅದನ್ನು ಬಳಸುವ ಕ್ಲಾಸ್‌ಗಳೊಳಗೇ ನಕಲು ಮಾಡಿಡುತ್ತದೆ. ಮುಂದೆಂದಾದರೂ ಅದನ್ನು ಬದಲಿಸಿದರೆ ಆ ಕ್ಲಾಸ್‌ಗಳನ್ನೆಲ್ಲ ಮತ್ತೆ ಕಂಪೈಲ್ ಮಾಡಬೇಕು. ಇಲ್ಲದಿದ್ದರೆ ಅವು ಹಳೆಯ ಮೌಲ್ಯದಲ್ಲೇ ಓಡುತ್ತಿರುತ್ತವೆ.