ಪ್ರೌಢಶಾಲೆಯಲ್ಲಿ ಜನಾಂಗಹತ್ಯೆಯ ಪಾಠ: ಕೆಲವು ತೊಡಕುಗಳು

ಪ್ರೌಢಶಾಲೆಯ ಇತಿಹಾಸ ತರಗತಿಯಲ್ಲಿ ನಾಜಿ ಜರ್ಮನಿಯ ಪಾಠ ಅಧ್ಯಾಪಕನಿಗೆ ಅಷ್ಟೇನೂ ಕಠಿಣವೆನಿಸುವುದಿಲ್ಲ. ಸುಮಾರು 60 ಲಕ್ಷ ಯಹೂದಿಗಳು ಹತರಾದರೆಂದು ಹೇಳಿ, ಹಿಟ್ಲರನನ್ನು ಖಂಡಿಸಿ, ಪ್ರಶ್ನೋತ್ತರ ಬರೆಸಿ ಮುಂದಕ್ಕೆ ಸಾಗಬಹುದು. ವಿದ್ಯಾರ್ಥಿಗೆ ಅಂಕಗಳೂ ದೊರೆಯುತ್ತವೆ. ಆದರೆ ದೂರದೇಶದ ರಾಕ್ಷಸನೊಬ್ಬನ ಪುರಾಣದಂತೆ ಅದು ಅವನ ಮನಸ್ಸಿನಿಂದ ಜಾರಿಹೋಗುತ್ತದೆ.

ಮೊದಲ ತೊಡಕು ಶಬ್ದದ್ದೇ. ಈ ಅಪರಾಧಕ್ಕೆ 1944ರಲ್ಲಿ ಹೆಸರಿಟ್ಟವನು ರಫೇಲ್ ಲೆಮ್ಕಿನ್ ಎಂಬ ಪೋಲೆಂಡಿನ ಯಹೂದಿ ನ್ಯಾಯವಾದಿ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯ ಪ್ರಕಾರ, ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಮತೀಯ ಸಮುದಾಯವನ್ನು ಪೂರ್ಣವಾಗಿ ಇಲ್ಲವೇ ಭಾಗಶಃ ನಾಶಮಾಡುವ ಉದ್ದೇಶವೇ ಅದರ ಲಕ್ಷಣ; ಸತ್ತವರ ಸಂಖ್ಯೆಯಲ್ಲ. ನಾವಾದರೋ ಎಲ್ಲ ಹತ್ಯೆಯನ್ನೂ 'ನರಮೇಧ'ವೆಂದುಬಿಡುತ್ತೇವೆ. ಮೇಧವೆಂದರೆ ಯಜ್ಞ, ಕೊಲೆಗೆ ಈ ಪಾವಿತ್ರ್ಯದ ಹೊದಿಕೆ ಏಕೆಂದು ನನಗೆ ಅನೇಕ ಸಲ ಅನಿಸಿದೆ.

ದಿಬ್ಬೂರಹಳ್ಳಿ ಸೀಮೆಯ ಮಕ್ಕಳಿಗೆ ವಿದುರಾಶ್ವತ್ಥ ದೂರದ ಊರಲ್ಲ. ಅಲ್ಲಿನ ನಾಗರಕಲ್ಲುಗಳನ್ನು ಅನೇಕರು ಕಂಡಿದ್ದಾರೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಅಲ್ಲಿ ಪೊಲೀಸರ ಗುಂಡು ಹಾರಿತು. ಸತ್ತವರು ಸರ್ಕಾರದ ಲೆಕ್ಕದಲ್ಲಿ ಹತ್ತರ ಆಸುಪಾಸು; ಜನರ ಲೆಕ್ಕದಲ್ಲಿ ಮೂವತ್ತಕ್ಕೂ ಮೇಲೆ. ಈ ಎರಡು ಲೆಕ್ಕಗಳನ್ನೂ ಮಕ್ಕಳ ಮುಂದಿಟ್ಟು, ಲೆಕ್ಕ ಬರೆದವರು ಯಾರೆಂದು ಕೇಳಿದರೆ ಒಂದು ಇಡೀ ಪಾಠ ನಡೆಯುತ್ತದೆ. ಆದರೆ ಇದು ಜನಾಂಗಹತ್ಯೆಯಲ್ಲ. ಅಲ್ಲಿ ಗುಂಡು ಬಿದ್ದುದು ಅವರು ಹುಟ್ಟಿದ ಕುಲಕ್ಕಾಗಿ ಅಲ್ಲ, ಹಾರಿಸಹೊರಟ ಧ್ವಜಕ್ಕಾಗಿ. ಈ ಭೇದವನ್ನು ಹೇಳುವುದರಿಂದ ಹುತಾತ್ಮರ ಗೌರವಕ್ಕೆ ಕುಂದಿಲ್ಲ.

ನಿಜವಾದ ಕಷ್ಟ ಕಂಬಾಲಪಲ್ಲಿಯದು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಸುಡಲಾಯಿತು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಇದನ್ನೂ ಒಡಂಬಡಿಕೆಯ ಶಬ್ದದಿಂದ ಕರೆಯಲಾಗದು. ಆದರೂ ಹುಟ್ಟಿನಿಂದಲೇ ಮನುಷ್ಯನ ಬೆಲೆ ಕಟ್ಟುವ ಬುದ್ಧಿ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಬರ್ಲಿನ್ನಿನವರೆಗೆ ಹೋಗಬೇಕಾಗಿಲ್ಲ. ಅಧ್ಯಾಪಕನು ಹಿಂಜರಿಯುವುದು ಇಲ್ಲಿಯೇ. ಎರಡೂ ಕಡೆಯ ಜಾತಿಯ ಮಕ್ಕಳು ಒಂದೇ ಹಲಗೆಯ ಮೇಲೆ ಕುಳಿತಿರುತ್ತಾರೆ. ಮನೆಯಲ್ಲಿ ತೆಲುಗಿನಲ್ಲಿ ಕೇಳಿದ ಮಾತೊಂದು, ಶಾಲೆಯಲ್ಲಿ ಕನ್ನಡದಲ್ಲಿ ಕೇಳುವ ಮಾತು ಇನ್ನೊಂದು. ಹೊರಗೆ ಪೋಷಕರಿದ್ದಾರೆ, ಆಡಳಿತ ಮಂಡಳಿಯಿದೆ. ಮೌನವೇ ಕ್ಷೇಮವೆನಿಸುತ್ತದೆ. ಆ ಮೌನವನ್ನೂ ಮಕ್ಕಳು ಪಾಠವೆಂದೇ ಕಲಿಯುತ್ತಾರೆ.

ಸಂಖ್ಯೆಯಿಂದಾಗಲಿ, ಹೆಣಗಳ ಚಿತ್ರಗಳಿಂದಾಗಲಿ ಆರಂಭಿಸುವುದು ನನಗೆ ಒಪ್ಪಿಗೆಯಿಲ್ಲ. ಅವು ಹದಿನಾಲ್ಕರ ಮಗುವನ್ನು ಬೆದರಿಸುತ್ತವೆ, ಇಲ್ಲವೇ ಕುತೂಹಲವನ್ನಷ್ಟೇ ಕೆರಳಿಸುತ್ತವೆ. ವಿದುರಾಶ್ವತ್ಥದ ಅದೇ 1938ರ ನವೆಂಬರಿನಲ್ಲಿ ಜರ್ಮನಿಯ ಸರ್ಕಾರಿ ಶಾಲೆಗಳಲ್ಲಿ ಉಳಿದಿದ್ದ ಯಹೂದಿ ಮಕ್ಕಳನ್ನು ಹೊರಹಾಕಲಾಯಿತು. ಅಲ್ಲಿಂದ ಪಾಠ ತೊಡಗಲಿ. ಮರುದಿನ ಹಾಜರಿ ಕರೆದ ಉಪಾಧ್ಯಾಯನು ಆ ಹೆಸರುಗಳ ಬಳಿ ಏನು ಮಾಡಿರಬಹುದು? ಪಕ್ಕದ ಹುಡುಗ ಏನೆಂದುಕೊಂಡಿರಬಹುದು? ಮಕ್ಕಳೇ ಉತ್ತರ ಹುಡುಕಲಿ.

ಅವರೇ ಕಂಬಾಲಪಲ್ಲಿಯ ಮಾತೆತ್ತುವ ದಿನವೂ ಬಂದೀತು. ಆಗ ನಡೆದುದನ್ನೂ ನ್ಯಾಯಾಲಯದ ತೀರ್ಪನ್ನೂ ಮರೆಮಾಚದೆ ಹೇಳಬೇಕು. ಆದರೆ ಯಾವ ಮಗುವನ್ನೂ ಅದರ ಜಾತಿಯ ಪರವಾಗಿ ಉತ್ತರಿಸಲು ಎದ್ದು ನಿಲ್ಲಿಸಬಾರದು.